ಗೋಡೆಯೂ ಒರತೆಯೂ

ಬಾಯಾರಿದವನು ಬಾಗಿಲಲ್ಲಿ ನಿಂತಿರುವಾಗ ಒಳಗಿರುವವನು ತನ್ನ ನೀರನ್ನು ತನಗಾಗಿಯೇ ಕಾದುಕೊಳ್ಳುವದು ನ್ಯಾಯವೋ? ಆ ಬಾಯಾರಿದವನ ಹಿರಿಯರು ಒಂದು ಕಾಲದಲ್ಲಿ ನಮ್ಮ ಹಿರಿಯರಿಗೆ ನೀರು ಕೊಡದೆ ದೂರ ನಿಲ್ಲಿಸಿದವರಾಗಿದ್ದರೆ ಆಗ ನಮ್ಮ ಕರ್ತವ್ಯವೇನು? ಪ್ರಿಯ ವಾಚಕರೇ, ಈ ತಿಂಗಳು ಈ ಎರಡು ಪ್ರಶ್ನೆಗಳನ್ನು ನಿಮ್ಮೊಂದಿಗೆ ಕೂತು ಆಲೋಚಿಸಬೇಕೆಂದಿದ್ದೇನೆ.

ಇವು ಪುಸ್ತಕದಲ್ಲಿ ಹುಟ್ಟಿದ ಪ್ರಶ್ನೆಗಳಲ್ಲ. ಕೆಲವು ವರುಷಗಳ ಹಿಂದೆ ಮಳೆ ತಪ್ಪಿದ ಒಂದು ಬೇಸಗೆಯಲ್ಲಿ, ನಾನು ಉಪದೇಶಿಯಾಗಿದ್ದ ಒಂದು ಹಳ್ಳಿಯ ಸಭೆಯಲ್ಲಿ ಇವು ಎದ್ದವು. ನಮ್ಮವರ ಕೇರಿಯಲ್ಲಿ, ಪ್ರಾರ್ಥನಾಲಯದ ಹಿಂಭಾಗದಲ್ಲಿ, ಒಂದು ಹಳೆಯ ಬಾವಿ ಇದೆ. ಊರ ಬಾವಿಯನ್ನು ಮುಟ್ಟಲು ನಮ್ಮ ಹಿರಿಯರಿಗೆ ಅಪ್ಪಣೆ ಇಲ್ಲದಿದ್ದ ಕಾಲದಲ್ಲಿ ಅವರು ತಮ್ಮ ಕೈಗಳಿಂದಲೇ ಅದನ್ನು ತೋಡಿ ಸುತ್ತಲೂ ಕಲ್ಲಿನ ಗೋಡೆಯನ್ನು ಹಾಕಿದರು. ಆ ಬೇಸಗೆಯಲ್ಲಿ ಊರಿನ ಬೋರ್‌ವೆಲ್ಲುಗಳೆಲ್ಲಾ ಬತ್ತಿದವು. ನಮ್ಮ ಬಾವಿಯೊಂದು ಬತ್ತಲಿಲ್ಲ. ಮೇಲಿನ ಬೀದಿಯ ಹೆಂಗಸರು ಸಂಜೆಯ ವೇಳೆಯಲ್ಲಿ ಕೊಡಗಳನ್ನು ಹಿಡಿದು ನಮ್ಮ ಬಾಗಿಲಿಗೆ ಬಂದರು. ಸಭೆಯ ಹಿರಿಯರಲ್ಲಿ ಕೆಲವರು ಬಾಗಿಲಿಗೆ ಬೀಗ ಹಾಕಬೇಕೆಂದರು. ನನ್ನ ಅಭಿಪ್ರಾಯವನ್ನು ಕೇಳಿದಾಗ ನಾನೂ, “ಮೊದಲು ನಮ್ಮ ಮಕ್ಕಳು ಕುಡಿಯಲಿ, ಬೀಗ ಇರಲಿ” ಅಂದೆನು.

ಆ ಬೀಗದ ಕಥೆಯನ್ನು ಕಡೆಯಲ್ಲಿ ಹೇಳುವೆನು. ಅದಕ್ಕೆ ಮುಂಚೆ, ಇದೇ ಪ್ರಶ್ನೆಯನ್ನು ಸಾವಿರಾರು ವರುಷ ದಿನವೂ ಎದುರಿಸಿದ ಜನರ ಊರುಗಳಿಗೆ ನಿಮ್ಮನ್ನು ಕರೆದುಕೊಂಡು ಹೋಗುತ್ತೇನೆ. ಅವು ಮರಳುಗಾಡಿನ ಕೋಟೆಯೂರುಗಳು.

ಅರೇಬಿಯದಿಂದ ಹಿಡಿದು ಆಫ್ರಿಕದ ಸಹಾರಾ ಪರ್ಯಂತರ ಹಬ್ಬಿರುವ ಮರಳುಗಾಡಿನಲ್ಲಿ ಅಲ್ಲಲ್ಲಿ ನೆಲದೊಳಗಿಂದ ನೀರು ಉಕ್ಕುವದುಂಟು. ಅದರ ಸುತ್ತಲೂ ಖರ್ಜೂರದ ಮರಗಳು ಬೆಳೆಯುತ್ತವೆ. ಮರಗಳ ನೆರಳಿನಲ್ಲಿ ದಾಳಿಂಬೆ, ಅಂಜೂರ, ಧಾನ್ಯ, ತರಕಾರಿ ಬೆಳೆಯುತ್ತವೆ. ಇಂಥ ಹಸುರು ನೆಲಕ್ಕೆ ಓಯಸಿಸ್ ಎಂದು ಹೆಸರು. ಒಂದು ಒರತೆಯಿಂದ ಇನ್ನೊಂದಕ್ಕೆ ಒಂಟೆಯ ನಡಿಗೆಯಲ್ಲಿ ಅನೇಕ ದಿನಗಳ ದಾರಿ. ಆದಕಾರಣ ವರ್ತಕನಾಗಲಿ, ಕುರಿ ಕಾಯುವವನಾಗಲಿ, ಕತ್ತಿಗೆ ಹೆದರಿ ಓಡುವವನಾಗಲಿ, ಕತ್ತಿ ಹಿಡಿದು ಅಟ್ಟುವವನಾಗಲಿ, ಎಲ್ಲರೂ ಆ ಒಂದೇ ನೀರಿನ ಬಳಿಗೆ ಬರಲೇಬೇಕು. ಹೀಗೆ ಅಲ್ಲಿ ನೀರು ಮನುಷ್ಯರನ್ನು ಕರೆಯುತ್ತದೆ. ಬಂದವರಲ್ಲಿ ಕಳ್ಳರೂ ಇರುವದರಿಂದ ಊರವರು ಗೋಡೆಯನ್ನು ಕಟ್ಟುತ್ತಾರೆ, ಮತ್ತು ಗೋಡೆಯು ಮನುಷ್ಯರನ್ನು ತಡೆಯುತ್ತದೆ. ಕರೆಯುವ ನೀರು ಒಂದು, ತಡೆಯುವ ಗೋಡೆ ಒಂದು. ಇವೆರಡರ ನಡುವೆ ಆ ಊರಿನ ಧರ್ಮವೂ ಅಧರ್ಮವೂ ಅಡಗಿರುವವು.

ಈಗಿನ ಕಾಲದಲ್ಲಿ ದೂರದೇಶಗಳಿಂದ ಪ್ರವಾಸಿಗಳು ಈ ಊರುಗಳನ್ನು ನೋಡಲು ಹೋಗುತ್ತಾರೆ. ಅವರು ಹೆಚ್ಚಾಗಿ ಗೋಡೆಯನ್ನೇ ನೋಡುವರು, ಬುರುಜನ್ನು ಹತ್ತುವರು, ಅದರ ಛಾಯಾಚಿತ್ರವನ್ನು ತೆಗೆದುಕೊಳ್ಳುವರು. ನಾವು ಅವರ ಜೊತೆಯಲ್ಲಿ ಮನಸ್ಸಿನಿಂದ ಹೋಗಿ, ಗೋಡೆಯನ್ನು ನೋಡಿದ ಮೇಲೆ ನೀರನ್ನೂ ನೋಡೋಣ.

ಗೋಡೆಯನ್ನು ಕಟ್ಟುವದೇ ಪಾಪವೆಂದು ನಾನು ಹೇಳುವದಿಲ್ಲ. ಅರೇಬಿಯದ ವಾಯವ್ಯ ಭಾಗದಲ್ಲಿ ಖೈಬರ್ ಎಂಬ ಓಯಸಿಸ್ ಇದೆ. ಅದರ ಸುತ್ತಲೂ 14.5 ಕಿಲೋಮೀಟರ್, ಅಂದರೆ ಸುಮಾರು 9 ಮೈಲು ಉದ್ದದ ಪ್ರಾಕಾರವಿತ್ತೆಂದೂ, ಅದನ್ನು ಕ್ರಿ.ಪೂ. 2250ಕ್ಕೂ 1950ಕ್ಕೂ ನಡುವೆ ಕಟ್ಟಿದರೆಂದೂ ಪುರಾತತ್ವಶೋಧಕರು 2024ರಲ್ಲಿ ಪ್ರಕಟಿಸಿದರು. ಆ ಗೋಡೆಯು ಮನೆಗಳನ್ನು ಮಾತ್ರವಲ್ಲ, ಹೊಲತೋಟಗಳನ್ನೂ ಬಳಸಿಕೊಂಡಿತ್ತು. ವರುಷವೆಲ್ಲಾ ಬೆವರು ಸುರಿಸಿ ಬೆಳೆದದ್ದನ್ನು ಒಂದು ರಾತ್ರಿಯಲ್ಲಿ ಕೊಳ್ಳೆಗಾರನು ಹೊತ್ತುಕೊಂಡು ಹೋಗುವದಾದರೆ ಯಾವ ತಂದೆಯು ತನ್ನ ಮಕ್ಕಳಿಗಾಗಿ ಗೋಡೆಯನ್ನು ಕಟ್ಟದೆ ಇರುವನು? ನೆಹೆಮೀಯನು ಯೆರೂಸಲೇಮಿನ ಗೋಡೆಯನ್ನು ಪ್ರಾರ್ಥನೆಮಾಡುತ್ತಲೇ ಕಟ್ಟಿದನೆಂದು ನಮ್ಮ ಸತ್ಯವೇದವೇ ಹೇಳುತ್ತದೆ. ದುರ್ಬಲರಿಗೆ ಗೋಡೆ ಬೇಕು. ಆದರೆ ಗೋಡೆಯನ್ನು ಕಟ್ಟಿದ ಮೇಲೆ ಅದರ ಬಾಗಿಲನ್ನು ಏನು ಮಾಡುವೆವು ಎಂಬುದೇ ಪ್ರಶ್ನೆ.

ಖೈಬರಿನ ಉತ್ತರಕ್ಕೆ ತೇಮಾ ಎಂಬ ಮತ್ತೊಂದು ಹಳೆಯ ಕೋಟೆಯೂರು ಇದೆ. ಅದರ ಪುರಾತನ ಗೋಡೆಗಳ ಉದ್ದ 15 ಕಿಲೋಮೀಟರಿಗೂ ಹೆಚ್ಚು. ಬಾಬೆಲಿನ ಕಡೆಯ ಅರಸನಾದ ನಬೋನಿದನು ಕ್ರಿ.ಪೂ. ಆರನೆಯ ಶತಮಾನದ ನಡುವೆ ತನ್ನ ರಾಜಧಾನಿಯನ್ನು ಬಿಟ್ಟು ಹತ್ತು ವರುಷ ಈ ಊರಿನಲ್ಲಿ ವಾಸಿಸಿದನು. ಆ ಕಾಲದಲ್ಲಿ ಬಾಬೆಲಿನ ಆಡಳಿತವನ್ನು ನೋಡಿಕೊಂಡವನು ಅವನ ಮಗನು. ದಾನಿಯೇಲನ ಗ್ರಂಥದಲ್ಲಿ ನೀವು ಓದಿರುವ ಬೇಲ್ಶಚ್ಚರನೇ ಅವನು. ತೇಮದ ನಡುವೆ ಹದ್ದಾಜ್ ಎಂಬ ಬಾವಿ ಈಗಲೂ ಇದೆ. ಅದರ ಅಗಲ ಸುಮಾರು 60 ಅಡಿ, ಆಳ ಸುಮಾರು 40 ಅಡಿ. ನಮ್ಮ ಕಪಿಲೆ ಬಾವಿಗಳಲ್ಲಿ ಎತ್ತುಗಳು ಇಳಿಜಾರಿನಲ್ಲಿ ಹಗ್ಗವನ್ನೆಳೆದು ನೀರೆತ್ತುತ್ತಿದ್ದಂತೆ, ಅಲ್ಲಿ ಬಾವಿಯ ಸುತ್ತಲೂ ಹತ್ತಾರು ಒಂಟೆಗಳು ಏಕಕಾಲದಲ್ಲಿ ಹಗ್ಗವನ್ನೆಳೆದು ನೀರೆತ್ತುತ್ತಿದ್ದವು. ಇಪ್ಪತ್ತನೆಯ ಶತಮಾನದ ನಡುವೆ ಯಂತ್ರಗಳು ಬಂದ ಮೇಲೆ ಒಂಟೆಗಳ ಕೆಲಸ ನಿಂತಿತು.

ಈ ತೇಮದವರಿಗೆ ಪ್ರವಾದಿಯಾದ ಯೆಶಾಯನು ಹೇಳಿದ ಮಾತು ಅವನ ಗ್ರಂಥದ 21ನೆಯ ಅಧ್ಯಾಯದಲ್ಲಿದೆ. ಯುದ್ಧದ ಕತ್ತಿಗೂ ಬಿಲ್ಲಿಗೂ ಹೆದರಿ ದೆದಾನಿನ ವರ್ತಕರು ಕಾಡುಪಾಲಾಗಿ ಓಡುತ್ತಿದ್ದರು. ಗೋಡೆಯೊಳಗೆ ಸುಖವಾಗಿದ್ದ ತೇಮದವರು ಆ ಬಾಯಾರಿದವರಿಗೆ ನೀರನ್ನೂ ಹಸಿದವರಿಗೆ ರೊಟ್ಟಿಯನ್ನೂ ತೆಗೆದುಕೊಂಡು ಎದುರಾಗಿ ಹೋಗಬೇಕೆಂದು ಪ್ರವಾದಿಯು ಹೇಳುತ್ತಾನೆ. ಇಲ್ಲಿ ಒಂದು ಸಂಗತಿಯನ್ನು ಗಮನಿಸಿರಿ. ಓಡಿಬಂದವರು ಬಾಗಿಲನ್ನು ತಟ್ಟಿದರೆ ನೀರು ಕೊಡಬಹುದೆಂದು ಅವನು ಹೇಳಲಿಲ್ಲ. ಗೋಡೆಯೊಳಗಿನವನು ನೀರಿನ ಪಾತ್ರೆಯನ್ನು ಹೊತ್ತು ಗೋಡೆಯ ಹೊರಗೆ ಹೋಗತಕ್ಕದ್ದು.

ತೇಮದವರಿಗೆ ಈ ಆಜ್ಞೆ ಯಾಕೆ? ಯೋಬನ ಗ್ರಂಥದ 6ನೆಯ ಅಧ್ಯಾಯವನ್ನು ತೆರೆದು ನೋಡಿರಿ. ಯೋಬನು ತನ್ನ ಸ್ನೇಹಿತರ ಕಪಟವನ್ನು ಬೇಸಗೆಯಲ್ಲಿ ಬತ್ತಿಹೋಗುವ ಹಳ್ಳಗಳಿಗೆ ಹೋಲಿಸಿ, ತೇಮದ ವರ್ತಕರ ಗುಂಪುಗಳು ಅಂಥ ಹಳ್ಳವನ್ನು ನಂಬಿ ಬಂದು, ನೀರನ್ನು ಕಾಣದೆ ನಾಚಿಕೆಪಟ್ಟದ್ದನ್ನು ಹೇಳುತ್ತಾನೆ. ತೇಮದವರು ಊರಲ್ಲಿರುವಾಗ ನೀರುಳ್ಳವರು, ದಾರಿಯಲ್ಲಿರುವಾಗ ಬಾಯಾರಿದವರು. ಬಾಯಾರಿಕೆಯ ಸಂಕಟವನ್ನು ಬಲ್ಲವರ ಹೆಗಲಿನ ಮೇಲೆಯೇ ದೇವರು ನೀರಿನ ಪಾತ್ರೆಯನ್ನು ಇಟ್ಟನು. ದಾಹವನ್ನು ಅನುಭವಿಸಿದವನಿಗೆ, ನನಗೆ ತಿಳಿಯಲಿಲ್ಲ ಎಂಬ ನೆಪವು ಇರುವದಿಲ್ಲ.

ನಮ್ಮ ಮತಕ್ಕೆ ಸೇರದವರೂ ಈ ಧರ್ಮವನ್ನು ಅರಿತಿದ್ದಾರೆಂಬುದನ್ನು ನಾವು ವಿನಯದಿಂದ ಒಪ್ಪಿಕೊಳ್ಳಬೇಕು. ಇಸ್ಲಾಮಿನ ಧರ್ಮಶಾಸ್ತ್ರದಲ್ಲಿ ‘ಬಾಯಾರಿಕೆಯ ಹಕ್ಕು’ ಎಂಬ ಒಂದು ಹಕ್ಕು ಉಂಟು. ಒಬ್ಬನು ತಾನು ತೋಡಿದ ಬಾವಿಯ ನೀರನ್ನು ಇನ್ನೊಬ್ಬನ ಹೊಲಕ್ಕೆ ಹಾಯಿಸಲು ಒಪ್ಪದಿರಬಹುದು. ಆದರೆ ತನ್ನ ಅಗತ್ಯಕ್ಕೆ ಮೀರಿದ ನೀರಿರುವಾಗ, ಬಾಯಾರಿ ಬಂದ ಮನುಷ್ಯನಿಗೂ ಪಶುವಿಗೂ ಕುಡಿಯಲು ಕೊಡದೆ ತಡೆಯುವ ಅಧಿಕಾರ ಅವನಿಗಿಲ್ಲ. ಬಾವಿಯ ಒಡೆತನ ಬೇರೆ, ದಾಹಪಟ್ಟವನ ಹಕ್ಕು ಬೇರೆ. ಎರಡೂ ಎದುರುಬದುರಾದರೆ ದಾಹದ ಹಕ್ಕು ದೊಡ್ಡದು. ಮರಳುಗಾಡಿನವರು ಇದನ್ನು ಕಾನೂನಾಗಿ ಮಾಡಿಕೊಂಡಿರುವಾಗ, ಒಂದು ಲೋಟ ತಣ್ಣೀರಿನ ವಿಷಯದಲ್ಲಿಯೂ ಪ್ರತಿಫಲವನ್ನು ವಾಗ್ದಾನಮಾಡಿದ ಕರ್ತನ ಶಿಷ್ಯರಾದ ನಾವು ಅವರಿಗಿಂತ ಹಿಂದೆ ಬೀಳಬಹುದೋ?

ಇನ್ನು ನಿಮಗೆಲ್ಲರಿಗೂ ಹೆಸರಿನಿಂದ ಪರಿಚಯವಾದ ಯೆರಿಕೋವಿಗೆ ಬರೋಣ. ಖರ್ಜೂರಗಳ ಪಟ್ಟಣವೆಂದು ಸತ್ಯವೇದವು ಕರೆಯುವ ಈ ಊರು ಯೊರ್ದನಿನ ತಗ್ಗಿನಲ್ಲಿ, ಸಮುದ್ರದ ಮಟ್ಟಕ್ಕಿಂತ 800 ಅಡಿಗೂ ಕೆಳಗೆ ಇರುವದು. ಸುತ್ತಲೂ ಬೋಳು ಗುಡ್ಡಗಳು. ನಡುವೆ ಒಂದು ದೊಡ್ಡ ಒರತೆ. ಹಳೆಯ ಯೆರಿಕೋವಿನ ದಿಬ್ಬವನ್ನು ಕ್ಯಾಥ್ಲೀನ್ ಕೆನ್ಯನ್ ಎಂಬ ಆಂಗ್ಲ ಪಂಡಿತೆಯು 1952ರಿಂದ 1958ರ ವರೆಗೆ ಅಗಿಸಿದಳು. ಅಲ್ಲಿ ಸುಮಾರು 28 ಅಡಿ ಎತ್ತರದ ಒಂದು ಕಲ್ಲಿನ ಬುರುಜು ಸಿಕ್ಕಿತು. ಅದರೊಳಗೆ 22 ಮೆಟ್ಟಲುಗಳುಂಟು. ಅದನ್ನು ಕಟ್ಟಿ ಸುಮಾರು 10,000 ವರುಷಗಳಾದವು. ಆ ದಿಬ್ಬದಲ್ಲಿ ಕಾಲಕಾಲಕ್ಕೆ ಗೋಡೆಯು ಬಿದ್ದು, ಮತ್ತೆ ಕಟ್ಟಲ್ಪಟ್ಟು, ಮತ್ತೆ ಬಿದ್ದ ಗುರುತುಗಳು ಒಂದರ ಮೇಲೊಂದು ಇವೆ. ಲೆಕ್ಕ ಹಾಕಿದರೆ ಹತ್ತಕ್ಕೂ ಹೆಚ್ಚು. 2023ರಲ್ಲಿ ಈ ದಿಬ್ಬವನ್ನು ವಿಶ್ವಪರಂಪರೆಯ ಪಟ್ಟಿಯಲ್ಲಿ ಸೇರಿಸಿದರು. ಪ್ರವಾಸಿಗಳು ಅದನ್ನು ನೋಡಿ, ರಸ್ತೆಯನ್ನು ದಾಟಿದರೆ ಆ ಒರತೆ ಸಿಕ್ಕುವದು. ಅದು ಈ ಹೊತ್ತಿಗೂ ದಿನವೊಂದಕ್ಕೆ ಲಕ್ಷಾಂತರ ಕೊಡ ನೀರನ್ನು ಕೊಡುತ್ತಿದೆ. ಬಿದ್ದ ಗೋಡೆಗಳೆಷ್ಟೋ, ಒರತೆ ಮಾತ್ರ ಒಂದೇ.

ಯೆರಿಕೋವಿನ ವಿಷಯದಲ್ಲಿ ಮೂವರನ್ನು ನೆನಸಿಕೊಳ್ಳಿರಿ. ಮೊದಲನೆಯವಳು ರಾಹಾಬಳು. ಅವಳ ಮನೆಯು ಪಟ್ಟಣದ ಗೋಡೆಗೆ ಹತ್ತಿಕೊಂಡೇ ಇತ್ತೆಂದು ಯೆಹೋಶುವನ ಗ್ರಂಥವು ಹೇಳುತ್ತದೆ. ಪಟ್ಟಣದ ಬಾಗಿಲು ಮುಚ್ಚಿದ ರಾತ್ರಿಯಲ್ಲಿ ಇಬ್ಬರು ಪರದೇಶಿಗಳಿಗೆ ಅವಳು ತನ್ನ ಮನೆಯ ಬಾಗಿಲನ್ನು ತೆರೆದಳು. ಕಡೆಗೆ ಗೋಡೆಯು ಬಿದ್ದಿತು. ಗೋಡೆಯ ಮೇಲಿದ್ದ ಅವಳ ಮನೆಯವರು ಉಳಿದರು. ಆ ಊರಿನಲ್ಲಿ ಅವಳಿಗೆ ಮಾನವಿರಲಿಲ್ಲ. ಆದರೂ ಇಬ್ರಿಯರಿಗೆ ಬರೆದ ಪತ್ರಿಕೆಯಲ್ಲಿ ನಂಬಿಕೆಯ ವೀರರ ಸಂಗಡ ಅವಳ ಹೆಸರಿದೆ, ನಮ್ಮ ಕರ್ತನ ವಂಶಾವಳಿಯಲ್ಲಿಯೂ ಇದೆ.

ಎರಡನೆಯವನು ಬೇತೇಲಿನವನಾದ ಹೀಯೇಲನು. ಅಹಾಬ ಅರಸನ ಕಾಲದಲ್ಲಿ ಅವನು ಯೆರಿಕೋವಿನ ಕೋಟೆಯನ್ನು ಮತ್ತೆ ಕಟ್ಟಿಸಿದನು. ಅಸ್ತಿವಾರ ಹಾಕಿದಾಗ ಹಿರಿಯ ಮಗನನ್ನು ಕಳಕೊಂಡನು. ಬಾಗಿಲುಗಳನ್ನು ನಿಲ್ಲಿಸಿದಾಗ ಕಿರಿಯ ಮಗನನ್ನು ಕಳಕೊಂಡನು. ಕೋಟೆ ಸಿದ್ಧವಾಯಿತು, ಅದರೊಳಗೆ ಇರಬೇಕಾದ ಆ ಮಕ್ಕಳು ಇರಲಿಲ್ಲ. ಮೂರನೆಯವನು ಪ್ರವಾದಿಯಾದ ಎಲೀಷನು. ಅವನು ಅದೇ ಊರಿಗೆ ಬಂದಾಗ ಊರವರು, ಸ್ಥಳ ಒಳ್ಳೇದು, ನೀರು ಮಾತ್ರ ಕೆಟ್ಟದ್ದು ಎಂದು ಹೇಳಿಕೊಂಡರು. ಅವನು ಗೋಡೆಯ ಗೊಡವೆಗೆ ಹೋಗಲಿಲ್ಲ. ಹೊಸ ಮಡಿಕೆಯಲ್ಲಿ ಉಪ್ಪನ್ನು ತರಿಸಿ, ಒರತೆಯ ಬಳಿಗೆ ಹೋಗಿ, ಯೆಹೋವನ ಹೆಸರಿನಲ್ಲಿ ಅದನ್ನು ಅದರೊಳಗೆ ಹಾಕಿದನು, ನೀರು ಗುಣವಾಯಿತು. ಈ ಹೊತ್ತಿಗೂ ಜನರು ಅದನ್ನು ಎಲೀಷನ ಒರತೆ ಎಂದು ಕರೆಯುತ್ತಾರೆ. ಹೀಯೇಲನ ಹೆಸರಿನ ಗೋಡೆ ಅಲ್ಲಿ ಯಾವದೂ ಇಲ್ಲ.

ಆದರೆ ಗೋಡೆಯೊಳಗಿನವರು ಒಳಗೆ ಹೇಗಿರುವರು? ಇದನ್ನು ತಿಳಿಯಲು ಐಗುಪ್ತದೇಶದ ಸೀವಾ ಎಂಬ ಓಯಸಿಸಿಗೆ ಹೋಗಬೇಕು. ಅದು ಲಿಬಿಯದ ಗಡಿಯ ಹತ್ತಿರ ಇದೆ. ಕ್ರಿ.ಪೂ. 331ರಲ್ಲಿ ಅಲೆಕ್ಸಾಂಡರನು ಅಲ್ಲಿನ ಅಮ್ಮೋನ ದೇವತೆಯ ಗುಡಿಗೆ ಹೋಗಿದ್ದನು. ಹದಿಮೂರನೆಯ ಶತಮಾನದಲ್ಲಿ ಸೀವಾದವರು ಕಳ್ಳರ ಭಯದಿಂದ ಗುಡ್ಡದ ಮೇಲೆ ಶಾಲಿ ಎಂಬ ಕೋಟೆಯನ್ನು ಕಟ್ಟಿದರು. ಗೋಡೆಯ ಹೊರಗೆ ಮನೆ ಕಟ್ಟಲು ಭಯ; ಆದದರಿಂದ ತಲೆಮಾರಿನಿಂದ ತಲೆಮಾರಿಗೆ ಮನೆಯ ಮೇಲೆ ಮನೆಯನ್ನು ಕಟ್ಟುತ್ತಾ ನಾಲ್ಕೈದು ಅಂತಸ್ತುಗಳ ವರೆಗೂ ಏರಿಸಿದರು. ಅಲ್ಲಿನ ಉಪ್ಪಿನ ಕೆರೆಗಳ ಉಪ್ಪುಗಲ್ಲು ಬೆರೆತ ಮಣ್ಣೇ ಅದರ ಇಟ್ಟಿಗೆ. ಒಣಗಿದ ಮೇಲೆ ಅದು ಗಾರೆಯಂತೆ ಗಟ್ಟಿಯಾಗುವದು.

ಹೊರಗಿನ ಶತ್ರುವನ್ನು ಶಾಲಿಯ ಗೋಡೆ ಬಹುಕಾಲ ತಡೆಯಿತು. 1820ರಲ್ಲಿ ಮುಹಮ್ಮದ್ ಅಲಿಯ ಸೈನ್ಯವು ಬರುವ ತನಕ ಊರವರು ತಮ್ಮ ಪಾಡಿಗೆ ತಾವಿದ್ದರು. ಆದರೆ ಗೋಡೆಯೊಳಗೆ ಮೂಡಣವರು ಪಡುವಣವರು ಎಂದು ಎರಡು ಪಂಗಡಗಳಾಗಿ ತಲೆತಲಾಂತರವಾಗಿ ಒಬ್ಬರೊಬ್ಬರ ರಕ್ತವನ್ನು ಸುರಿಸಿದರು. ಒಂದೇ ಗೋಡೆ, ಒಂದೇ ನೀರು, ಎರಡು ಪಂಗಡ. ಹೊರಗಿನವನನ್ನು ದ್ವೇಷಿಸಿ ಅಭ್ಯಾಸವಾದ ಕೈಯು ಹೊರಗಿನವನು ಸಿಕ್ಕದಿದ್ದಾಗ ಒಳಗಿನವನ ಮೇಲೆ ಏಳುವದು. ನಮ್ಮ ಸಭೆಗಳಲ್ಲಿಯೂ, ಮೊದಲು ಬಂದ ಮನೆತನದವರು ತಾವು, ಆಮೇಲೆ ಬಂದವರು ಅವರು ಎಂದು ಹೇಳಿಕೊಂಡು ಬೇರೆ ಬೇರೆ ಸಾಲಿನಲ್ಲಿ ಕೂತುಕೊಳ್ಳುವದನ್ನು ನೋಡಿದವರಿಗೆ ಸೀವಾದ ಕಥೆಯು ದೂರದ ಕಥೆಯಾಗಿ ತೋರದು.

ಶಾಲಿಯ ಕಡೆಯ ದಿನಗಳು ಹೇಗೆ ಬಂದವು? 1926ರಲ್ಲಿ ಅಲ್ಲಿ ಮೂರು ದಿನ ಎಡೆಬಿಡದೆ ಮಳೆ ಸುರಿಯಿತು. ಉಪ್ಪಿನ ಗೋಡೆಗಳು ಕರಗಿದವು, ಮನೆಗಳು ಕುಸಿದವು, ಊರವರು ಕೋಟೆಯನ್ನು ಬಿಟ್ಟು ಕೆಳಗೆ ಬಯಲಿನಲ್ಲಿ ಮನೆ ಕಟ್ಟಿಕೊಂಡರು. ಆಕಾಶದಿಂದ ಬರುವದನ್ನು ತಡೆಯುವ ಕೋಟೆಯನ್ನು ಯಾವನೂ ಕಟ್ಟಲಾರನು. ಮತ್ತಾಯನ ಸುವಾರ್ತೆಯ 7ನೆಯ ಅಧ್ಯಾಯದ ಕಡೆಯಲ್ಲಿ ನಮ್ಮ ಕರ್ತನು ಹೇಳಿದ ಎರಡು ಮನೆಗಳ ಸಾಮ್ಯವನ್ನು ಇಲ್ಲಿ ಯಾರು ನೆನಸರು? ಕರಗಿದ ಆ ಕೋಟೆಯ ಕೆಲವು ಭಾಗಗಳನ್ನು ದುರಸ್ತಿಮಾಡಿ 2020ರಲ್ಲಿ ಪ್ರವಾಸಿಗಳಿಗೆ ತೆರೆದರು. ಕೋಟೆಯು ಬಿದ್ದರೂ ಊರು ಸಾಯಲಿಲ್ಲ, ಯಾಕಂದರೆ ಕೆಳಗೆ ಒರತೆಗಳು ಇದ್ದವು.

ಈಗ ಬುದ್ಧಿವಂತನಾದ ಒಬ್ಬ ವಾಚಕನು ಆಕ್ಷೇಪಿಸುವನು: “ಉಪದೇಶಿಗಳೇ, ಬಾಗಿಲು ತೆರೆಯಿರಿ ಎಂದು ಹೇಳುವದು ಸುಲಭ. ಬಂದವರೆಲ್ಲಾ ಬೇಕಾದಷ್ಟು ಮೊಗೆದುಕೊಂಡರೆ ಬಾವಿ ಬತ್ತುವದು. ಆಗ ಅವರಿಗೂ ಇಲ್ಲ, ನಮಗೂ ಇಲ್ಲ.” ಈ ಆಕ್ಷೇಪಣೆಯಲ್ಲಿ ಸತ್ಯವಿದೆ. ಸೀವಾದಲ್ಲಿಯೇ ಇತ್ತೀಚಿನ ದಶಕಗಳಲ್ಲಿ ಮಿತಿಯಿಲ್ಲದೆ ಬಾವಿಗಳನ್ನು ತೋಡಿ ನೀರನ್ನು ಹರಿಯಬಿಟ್ಟದ್ದರಿಂದ, ಹೆಚ್ಚಾದ ನೀರು ತಗ್ಗಿನಲ್ಲಿ ನಿಂತು ಉಪ್ಪಿನ ಕೆರೆಗಳು ಹಿಗ್ಗಿದವು. ಒಳ್ಳೆಯ ಹೊಲಗಳು ಉಪ್ಪೇರಿ ಕೆಟ್ಟವು. ಅಳತೆಯಿಲ್ಲದ ಧಾರಾಳವು ಕೂಡಾ ಒಂದು ವಿಧದ ಲೋಭವೇ ಆಗಬಹುದು.

ಆದರೆ ಆ ಆಕ್ಷೇಪಣೆಗೆ ಬೀಗವು ಉತ್ತರವಲ್ಲ, ಅಳತೆಯು ಉತ್ತರ. ಇದನ್ನು ಲಿಬಿಯದ ಗದಾಮಿಸ್ ಎಂಬ ಊರಿನವರಿಂದ ಕಲಿಯಬಹುದು. ಸುಣ್ಣ ಬಳಿದ ಮಣ್ಣಿನ ಮನೆಗಳು ಒಂದಕ್ಕೊಂದು ಅಂಟಿಕೊಂಡು, ಅಂಚಿನ ಮನೆಗಳ ಹೊರಗೋಡೆಗಳೇ ಊರಿನ ಕೋಟೆಯಾಗಿರುವವು. ಬಿಸಿಲು ತಾಗದಂತೆ ಬೀದಿಗಳ ಮೇಲೆಯೂ ಚಾವಣಿಯುಂಟು. ಕೆಳಗಿನ ನೆರಳಿನಲ್ಲಿ ಗಂಡಸರು ನಡೆಯುತ್ತಿದ್ದರು. ಮನೆಗಳ ಮಾಳಿಗೆಯಿಂದ ಮಾಳಿಗೆಗೆ ಹೆಂಗಸರು ನಡೆಯುತ್ತಿದ್ದರು. ಆ ಊರಿನ ಒರತೆಗೆ ಕುದುರೆಯ ಒರತೆ ಎಂದು ಹೆಸರು. ದಾರಿಗರ ಕುದುರೆಯೊಂದು ಗೊರಸಿನಿಂದ ನೆಲವನ್ನು ಕೆರೆದಾಗ ನೀರು ಚಿಮ್ಮಿತೆಂದು ಅಲ್ಲಿಯವರು ಕಥೆ ಹೇಳುವರು. 1986ರಲ್ಲಿ ಈ ಊರು ವಿಶ್ವಪರಂಪರೆಯ ಪಟ್ಟಿಗೆ ಸೇರಿತು. ಲಿಬಿಯದ ಅಂತಃಕಲಹದ ಕಾಲದಲ್ಲಿ, 2016ರಲ್ಲಿ, ಅಪಾಯದಲ್ಲಿರುವ ಸ್ಥಳವೆಂದು ಗುರುತಿಸಲ್ಪಟ್ಟಿತು. ದುರಸ್ತಿಯ ಕೆಲಸ ನಡೆದ ಮೇಲೆ 2025ರಲ್ಲಿ ಅಪಾಯದ ಪಟ್ಟಿಯಿಂದ ತೆಗೆಯಲ್ಪಟ್ಟಿತು.

ಗದಾಮಿಸಿನ ಸಂತೆಯ ಚೌಕದಲ್ಲಿ ಒಬ್ಬನು ಕೂತುಕೊಂಡು ನೀರಿನ ಲೆಕ್ಕವನ್ನು ನೋಡುತ್ತಿದ್ದನು. ಅವನ ಬಳಿಯಲ್ಲಿ ತಳಕ್ಕೆ ಸಣ್ಣ ತೂತುಳ್ಳ ಒಂದು ಪಾತ್ರೆ. ನಮ್ಮ ದೇಶದಲ್ಲಿ ಹಿಂದೆ ಗಳಿಗೆ ಬಟ್ಟಲಿನಿಂದ ಹೊತ್ತನ್ನು ಅಳೆಯುತ್ತಿದ್ದರಲ್ಲವೇ? ಇದೂ ಅದೇ ಜಾತಿಯದು. ಪಾತ್ರೆಯಲ್ಲಿ ತುಂಬಿದ ನೀರು ತೂತಿನಿಂದ ಸುರಿದು ಬರಿದಾದರೆ ಒಂದು ಅಳತೆಯಾಯಿತು. ಆಗ ಅವನು ಖರ್ಜೂರದ ಗರಿಯಲ್ಲಿ ಒಂದು ಗಂಟು ಹಾಕಿ, ಪಾತ್ರೆಯನ್ನು ಮತ್ತೆ ತುಂಬುವನು. ಒಬ್ಬೊಬ್ಬನ ತೋಟಕ್ಕೆ ಇಂತಿಷ್ಟು ಅಳತೆಯ ಹೊತ್ತು ಕಾಲುವೆ ಹರಿಯುವದು. ಆಮೇಲೆ ಮುಂದಿನವನ ಸರದಿ. ಆ ಊರಿನಲ್ಲಿಯೂ ಎರಡು ಕುಲದವರಿದ್ದರು. ಅವರ ಕೇರಿಗಳು ಬೇರೆ ಬೇರೆ. ಆದರೂ ಅಂಗೈಯಗಲದ ಆ ತೂತಿನ ಪಾತ್ರೆಗೆ ಎರಡು ಕುಲದವರೂ ತಲೆಬಾಗಬೇಕಾಗಿತ್ತು. ಅಳತೆಯಿದ್ದಲ್ಲಿ ಸ್ವಲ್ಪ ನೀರೂ ಬಹು ಜನಕ್ಕೆ ಸಾಕಾಗುತ್ತದೆ. ಅಳತೆಯಿಲ್ಲದಲ್ಲಿ ಬಹಳ ನೀರೂ ಇಬ್ಬರಿಗೆ ಸಾಲದು.

ಇನ್ನು ನಮ್ಮ ಬೀಗದ ಕಥೆಗೆ ಬರುತ್ತೇನೆ. ನಾನು ಬೀಗ ಇರಲಿ ಅಂದ ದಿನ ರಾತ್ರಿ ಪ್ರಾರ್ಥನೆ ಮುಗಿದ ಮೇಲೆ ಸಭೆಯ ಒಬ್ಬ ಮುದುಕಿಯು ನನ್ನ ಮನೆಯ ಜಗಲಿಗೆ ಬಂದು ಕೂತಳು. ಅವಳಿಗೆ ಓದು ಬಾರದು. “ಅಯ್ಯನವರೇ,” ಅಂದಳು, “ನಮ್ಮವ್ವ ಊರ ಬಾವಿಯ ಹತ್ತಿರ ಖಾಲಿ ಕೊಡ ಇಟ್ಟುಕೊಂಡು ಬಿಸಿಲಲ್ಲಿ ನಿಂತಿರೋಳು. ಯಾರಾದರೂ ಪುಣ್ಯಾತ್ಮರು ಬಂದು ಮೇಲಿಂದ ಹುಯ್ಯಬೇಕು. ಅವಳ ಸೆರಗು ಹಿಡಕೊಂಡು ನಾನೂ ನಿಂತಿದ್ದೀನಿ. ನಿಂತವರಿಗೆ ಗೊತ್ತು, ಅಯ್ಯನವರೇ, ಅದು ಎಷ್ಟು ಹೊತ್ತು ಅಂತ. ಇವತ್ತು ಬಾಗಿಲಲ್ಲಿ ಆ ಹೆಂಗಸರು ನಿಂತಿರೋದನ್ನ ನೋಡಿ ನನಗೆ ಅನ್ನ ಇಳಿಯಲಿಲ್ಲ.” ನಾನು, “ಅಜ್ಜೀ, ಅವರ ಹಿರಿಯರೇ ಅಲ್ಲವೇ ನಿಮ್ಮನ್ನು ನಿಲ್ಲಿಸಿದವರು?” ಅಂದೆನು. “ಹೌದು ಕಣಪ್ಪಾ,” ಅಂದಳು, “ಆ ಕೆಲಸಾನ ಈಗ ನಾವು ಯಾಕೆ ಕಲೀಬೇಕು?”

ನಾನು ದೇವಶಾಸ್ತ್ರದ ಶಾಲೆಯಲ್ಲಿ ಓದಿದವನು. ರೋಮಾಪುರದವರಿಗೆ ಬರೆದ ಪತ್ರಿಕೆಯ 12ನೆಯ ಅಧ್ಯಾಯದಲ್ಲಿ ಬಾಯಾರಿದ ವೈರಿಯ ವಿಷಯವಾಗಿ ಪೌಲನು ಹೇಳಿದ್ದನ್ನು ಎಷ್ಟೋ ಸಾರಿ ಪ್ರಸಂಗಿಸಿದವನು. ಆ ರಾತ್ರಿ ಆ ಮುದುಕಿಯ ಮುಂದೆ ನಾನು ತಲೆ ತಗ್ಗಿಸಿದೆನು. ಮರುದಿನ ಹಿರಿಯರನ್ನು ಕೂಡಿಸಿ ನನ್ನ ಮಾತನ್ನು ಹಿಂದಕ್ಕೆ ತೆಗೆದುಕೊಂಡೆನು. ಬಹಳ ಚರ್ಚೆಯಾಯಿತು. ಕಡೆಗೆ ಒಂದು ಅಳತೆಯನ್ನು ಗೊತ್ತುಮಾಡಿದರು: ಬೆಳಿಗ್ಗೆ ಕೇರಿಯವರಿಗೆ, ಸಂಜೆ ಊರವರಿಗೆ ಮನೆಗೆ ಎರಡು ಕೊಡ; ಬಟ್ಟೆ ಒಗೆಯಲು ಯಾರಿಗೂ ಇಲ್ಲ. ನೀರು ಸೇದಿ ಮೇಲಿಂದ ಹುಯ್ಯತಕ್ಕದ್ದಲ್ಲ. ಬಂದವರೇ ಹಗ್ಗ ಹಿಡಿದು ತಾವೇ ಸೇದಿಕೊಳ್ಳಲಿ ಎಂದು ಆ ಅಜ್ಜಿಯೇ ಹೇಳಿದಳು.

ಆಮೇಲೆ ಏನಾಯಿತೆಂದು ಸತ್ಯವಾಗಿ ಬರೆಯುತ್ತೇನೆ. ಬಾವಿಯ ನೀರು ಅದ್ಭುತವಾಗಿ ಹೆಚ್ಚಲಿಲ್ಲ. ಕೆಳಗೆ ಇಳಿಯಿತು, ಹಗ್ಗಕ್ಕೆ ಇನ್ನಷ್ಟು ಹಗ್ಗವನ್ನು ಕಟ್ಟಬೇಕಾಯಿತು. ನಮ್ಮ ಮನೆಗಳಲ್ಲಿ ಎರಡು ತಿಂಗಳು ಕಷ್ಟವಾಯಿತು. ನೀರು ಕುಡಿದವರೆಲ್ಲರ ಮನಸ್ಸು ಕರಗಿತೆಂದು ಬರೆಯಲಾರೆನು. ಮಳೆ ಬಂದ ಮೇಲೆ ಕೆಲವರು ಎಂದಿನಂತೆಯೇ ಮುಖ ತಿರುಗಿಸಿ ಹೋದರು. ಕೆಲವರು ಮಾತ್ರ ನಿಂತು ಮಾತಾಡಿಸಿದರು. ಅಸ್ಪೃಶ್ಯತೆಯನ್ನು 1950ರಲ್ಲಿಯೇ ನಮ್ಮ ದೇಶದ ಸಂವಿಧಾನವು ರದ್ದುಮಾಡಿತು. ಮನಸ್ಸಿನೊಳಗಿನ ಗೋಡೆಯು ಕಾನೂನಿನ ಮಾತಿಗೆ ಒಂದೇ ದಿನದಲ್ಲಿ ಬೀಳುವದಿಲ್ಲ. ಆದರೆ ನಮ್ಮ ಮಕ್ಕಳು, ಒಬ್ಬರನ್ನು ಬಿಸಿಲಲ್ಲಿ ನಿಲ್ಲಿಸುವ ವಿದ್ಯೆಯನ್ನು ಆ ಬೇಸಗೆಯಲ್ಲಿ ಕಲಿಯಲಿಲ್ಲ. ಇದೊಂದೇ ಲಾಭವಾದರೂ ಸಾಕು.

ಹಾಗಾದರೆ ಮೊದಲಿನ ಪ್ರಶ್ನೆಗಳಿಗೆ ಉತ್ತರವೇನು? ಗೋಡೆಯನ್ನು ಕಟ್ಟಿಕೊಳ್ಳುವದು ತಪ್ಪಲ್ಲ. ಗೋಡೆಯೊಳಗಿನ ನೀರನ್ನು ನಮ್ಮ ಪುಣ್ಯದ ಸಂಪಾದನೆ ಎಂದು ಎಣಿಸುವದು ತಪ್ಪು. ಬಾವಿಯನ್ನು ತೋಡಿದವರು ನಮ್ಮ ಹಿರಿಯರೇ. ಆದರೆ ತೋಡಿದವರಾರೂ ನೀರನ್ನು ಉಂಟುಮಾಡಲಿಲ್ಲ. ಆದಕಾರಣ ನೀರು ಕೊಡುವದಕ್ಕೆ ಮೊದಲು, ಇವನು ಯೋಗ್ಯನೋ, ಇವನ ಹಿರಿಯರು ಏನು ಮಾಡಿದರು ಎಂದು ಕೇಳುವ ಅಧಿಕಾರ ನಮಗಿಲ್ಲ. ಎಷ್ಟು ಅಳತೆ ಕೊಟ್ಟರೆ ಎಲ್ಲರೂ ಬದುಕುವರು ಎಂದು ಕೇಳುವದು ಮಾತ್ರ ನಮ್ಮ ಕೆಲಸ. ಅನ್ಯಾಯವನ್ನು ಅನ್ಯಾಯವೆಂದು ಹೇಳೋಣ, ಮರೆಯದಿರೋಣ. ಆದರೆ ಅದರ ಸೇಡನ್ನು ಕೊಡದಿಂದ ತೀರಿಸದಿರೋಣ.

ಇನ್ನೊಂದು ಮಾತು. ನಮ್ಮ ಕರ್ತನಾದ ಯೇಸುವು ಯೆರೂಸಲೇಮಿನ ಗೋಡೆಯ ಹೊರಗೆ ಶ್ರಮೆಪಟ್ಟನು. ಬಾಗಿಲಿನ ಆಚೆ, ಶಿಲುಬೆಯ ಮೇಲೆ, ಆತನು ಬಾಯಾರಿದನು. ಅಂದಿನಿಂದ ಗೋಡೆಯ ಹೊರಗೆ ಬಾಯಾರಿ ನಿಂತವರೆಲ್ಲರ ಸಾಲಿನಲ್ಲಿ ಆತನೂ ನಿಂತಿದ್ದಾನೆ. ಸತ್ಯವೇದದ ಕಡೆಯ ಪುಟಗಳಲ್ಲಿ ಯೋಹಾನನು ಕಂಡ ಪರಿಶುದ್ಧ ಪಟ್ಟಣಕ್ಕೂ ಎತ್ತರವಾದ ಗೋಡೆಯುಂಟು, ಅದರೊಳಗೆ ಜೀವಜಲದ ನದಿಯೂ ಉಂಟು. ಆದರೆ ಅದರ ಹನ್ನೆರಡು ಬಾಗಿಲುಗಳನ್ನು ಮುಚ್ಚುವದೇ ಇಲ್ಲ.

ನಿಮ್ಮಲ್ಲಿ ಯಾರಿಗಾದರೂ ದೇವರು ಯೆರಿಕೋವನ್ನೋ ಬೇರೆ ಯಾವ ಕೋಟೆಯೂರನ್ನೋ ನೋಡುವ ಭಾಗ್ಯವನ್ನು ಕೊಟ್ಟರೆ, ಗೋಡೆಯನ್ನು ನೋಡಿದ ಮೇಲೆ ಒರತೆಯ ಬಳಿಗೂ ಹೋಗಿ ಸ್ವಲ್ಪ ಹೊತ್ತು ನಿಲ್ಲಿರಿ. ಹೋಗಲಾರದವರು ಈ ಸಂಜೆ ನಿಮ್ಮ ಕೇರಿಯ ಬಾವಿಯ ಬಳಿಗೋ ನಲ್ಲಿಯ ಬಳಿಗೋ ಹೋಗಿ, ಅಲ್ಲಿ ಯಾರು ನಿಂತಿದ್ದಾರೆ, ಯಾರು ನಿಲ್ಲಿಸಲ್ಪಟ್ಟಿದ್ದಾರೆ ಎಂದು ನೋಡಿರಿ. ನಮ್ಮ ಬಾಯಾರಿಕೆಯನ್ನು ಮರೆಯದ ಮನಸ್ಸನ್ನೂ, ತೆರೆದ ಬಾಗಿಲನ್ನೂ, ನ್ಯಾಯವಾದ ಅಳತೆಯನ್ನೂ ಕರ್ತನು ನಮ್ಮೆಲ್ಲರ ಸಭೆಗಳಿಗೆ ಅನುಗ್ರಹಿಸಲಿ. ಆಮೆನ್.